ಸುಣ್ಣದ ತಿಳಿನೀರು

ನಮ್ಮ ಮನೆಯವರು ಜೀವಮಾನವೆಲ್ಲ ಮಕ್ಕಳಿಗೆ ಸಮುದ್ರದ ಪಾಠ ಮಾಡಿದರು. ಒಂದು ದಿನವೂ ಸಮುದ್ರ ನೋಡಲಿಲ್ಲ. ಇದನ್ನು ನಾನು ಅವರ ಬೆನ್ನ ಹಿಂದೆ ಆಡುತ್ತಿಲ್ಲ, ಇದ್ದಾಗ ಮುಖದೆದುರಿಗೇ ಎಷ್ಟೋ ಸಲ ಆಡಿದ್ದೇನೆ.

"ಮದ್ವೆನೇ ಆಗ್ದಿರೋ ಪುರೋಯ್ತ ಊರೋರಿಗೆಲ್ಲ ಮದ್ವೆ ಮಾಡಿಸ್ದಂಗಾಯ್ತು ನಿಮ್ ಕತೆ" ಎನ್ನುತ್ತಿದ್ದೆ.

"ಚಂದ್ರನ ಪಾಠನೂ ಮಾಡ್ತೀನಲ್ಲ, ಅದಕ್ಕೇನಂತೀಯ?"

"ಚಂದ್ರ ದಿನಾ ಕಾಣಿಸ್ತಾನೆ. ಸಮುದ್ರ ಎಲ್ಲಿ ಕಾಣಿಸ್ತದೆ ನಮ್ಮೂರಲ್ಲಿ?"

ಅವರು ನಗುತ್ತ ಚಪ್ಪಲಿ ಮೆಟ್ಟಿಕೊಂಡು ಸ್ಕೂಲಿಗೆ ಹೊರಟುಬಿಡುತ್ತಿದ್ದರು.

ಅವರ ಹೆಸರು ಕಾಂತರಾಜು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನನ್ನದು ಘಾಟಿ ಸುಬ್ರಹ್ಮಣ್ಯದ ಬೀದಿಯಲ್ಲಿ ಒಂದು ಹಣ್ಣುಕಾಯಿ ಅಂಗಡಿ. ತೆಂಗಿನಕಾಯಿ, ಬಾಳೆಹಣ್ಣು, ಕರ್ಪೂರ, ಎಲೆ ಅಡಿಕೆ, ಸುಣ್ಣ. ಮಂಗಳವಾರ, ಭಾನುವಾರ, ಷಷ್ಠಿಯ ದಿನ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಮಿಕ್ಕ ದಿನ ನೊಣ ಹೊಡೆಯುವುದು. ಮನೆಯಲ್ಲಿ ನಾವಿಬ್ಬರು, ಜೊತೆಗೆ ಅವರಮ್ಮ, ನನ್ನ ಅತ್ತೆ ಸಪ್ಪಲಮ್ಮ. ಮಕ್ಕಳಾಗಲಿಲ್ಲ. ಊರ ಮಕ್ಕಳೆಲ್ಲ ನಮ್ಮವೇ ಎಂದು ಅವರು ಹೇಳುತ್ತಿದ್ದರು. ನಾನು ಹಾಗೆ ಹೇಳಿದವಳಲ್ಲ.

ಅವರು ಸಮುದ್ರ ನೋಡದೆ ಉಳಿದದ್ದಕ್ಕೆ ಕಾರಣ ನಮ್ಮ ಅತ್ತೆ. ಇವರು ಕೂಸಾಗಿದ್ದಾಗ ಕಣಿ ಹೇಳುವವಳೊಬ್ಬಳು ಜಗಲಿಯ ಮೇಲೆ ಕೂತು, ಮೊರದ ತುಂಬ ರಾಗಿ ಹಾಕಿಸಿಕೊಂಡು, ಈ ಮಗುವಿಗೆ ಜಲಗಂಡ ಇದೆ, ಹುಷಾರು ಎಂದು ಹೇಳಿ ಹೋದಳಂತೆ. ಅವಳು ಹೋದಳು, ಮಾತು ಮನೆಯಲ್ಲೇ ಉಳಿಯಿತು. ಕೆರೆ ತುಂಬಿದ ವರ್ಷ ಊರ ಹುಡುಗರೆಲ್ಲ ನೀರಿಗೆ ಬಿದ್ದರೆ ಇವರು ಏರಿಯ ಮೇಲೆ ಕೂತು ಎಲ್ಲರ ಬಟ್ಟೆ ಕಾಯುತ್ತಿದ್ದರಂತೆ. ಮೇಷ್ಟ್ರಾದ ಮೇಲೂ ಅದೇ. ಮಕ್ಕಳ ಪ್ರವಾಸ ಕಡಲ ಕಡೆಗೆ ಹೊರಟರೆ ಜೊತೆಗೆ ಹೋಗುವವರು ಇನ್ನೊಬ್ಬ ಮೇಷ್ಟ್ರು ಜಯಕುಮಾರ್. ಇವರು ಬಸ್ಸಿಗೆ ಕೈಬೀಸಿ ಮನೆಗೆ ಬರುವವರು.

"ನರೆ ಬಂದ್ರೂ ಅಮ್ಮನ ಸೆರಗು ಬಿಡ್ಲಿಲ್ಲ ನೀವು" ಎಂದು ಒಂದು ಸಲ ರೇಗಿದ್ದೆ.

"ಹಿಂಗೆ ಹೋಗಿ ಹಂಗೆ ಬರಬೋದು ಕಣೇ. ಆದ್ರೆ ನಾನು ಬರೋವರ್ಗೂ ಅಮ್ಮ ಒಂದು ತುತ್ತು ತಿನ್ನಲ್ಲ. ಹೋಗ್ಲಿ ಬಿಡು. ಸಮುದ್ರ ಎಲ್ಲೋಗುತ್ತೆ?"

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಆ ಉಪ್ಪು ಹುಟ್ಟುವ ಜಾಗಕ್ಕೇ ಈ ಬಂಧು ಮಗನನ್ನು ಬಿಡಲಿಲ್ಲವಲ್ಲ ಎಂದು ನನಗೆ ಕೋಪ. ನನ್ನನ್ನು ಕರೆದುಕೊಂಡು ಹೋಗುತ್ತೇನೆಂದು ಮದುವೆಯಾದ ಹೊಸದರಲ್ಲಿ ಮಾತು ಕೊಟ್ಟಿದ್ದರು, ಅದಕ್ಕೂ ಕೋಪ.

ಹೊಸ ಪಾಠ ಮಾಡುವ ಮುನ್ನ ಮನೆಯಲ್ಲಿ ನನ್ನ ಮುಂದೆ ಒಂದು ಸಲ ಮಾಡಿ ನೋಡುವುದು ಅವರ ಪದ್ಧತಿ. ನನಗೆ ತಿಳಿದರೆ ಕೊನೇ ಬೆಂಚಿಗೂ ತಿಳಿಯುತ್ತದೆ ಎಂದು ಅವರ ನಂಬಿಕೆ. ಇದು ಹೊಗಳಿಕೆಯಲ್ಲ ಎಂದು ನನಗೂ ಗೊತ್ತು. ಆದರೂ ಕೂರುತ್ತಿದ್ದೆ, ಯಾಕೆಂದರೆ ಪಾಠ ಮಾಡುವಾಗ ಅವರ ಮುಖಕ್ಕೆ ಒಂದು ಕಳೆ ಬರುತ್ತಿತ್ತು.

ಆ ಭಾನುವಾರ ಅಂಗಡಿ ಮುಗಿಸಿ ಬರುವಷ್ಟರಲ್ಲಿ ಹಿತ್ತಲ ಕಟ್ಟೆಯ ಮೇಲೆ ಎಲ್ಲ ಜೋಡಿಸಿಕೊಂಡಿದ್ದರು. ಅಗಲ ಬಾಯಿಯ ಉಪ್ಪಿನಕಾಯಿ ಬಾಟಲಿ. ಅದರಲ್ಲಿ ಸುಣ್ಣದ ತಿಳಿನೀರು. ಹಿಂದಿನ ದಿನ ನನ್ನ ಅಂಗಡಿಯ ಸುಣ್ಣವನ್ನೇ ನೀರಿಗೆ ಕದಡಿಟ್ಟು, ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬಗ್ಗಿಸಿಕೊಂಡಿದ್ದರು. ನೋಡಿದರೆ ಬರೀ ಕುಡಿಯುವ ನೀರು. ಊದುವುದಕ್ಕೆ ಪರಂಗಿ ಎಲೆಯ ದಂಟು. ಅದು ಒಳಗೆ ಪೊಳ್ಳು ಇರುತ್ತದಲ್ಲ, ಎರಡು ಕಡೆ ಕೊಯ್ದರೆ ಕೊಳವೆ.

ದಂಟಿನ ತುದಿ ನೀರಿನಲ್ಲಿ ಮುಳುಗಿಸಿ ಊದತೊಡಗಿದರು. ಗುಳುಗುಳು ಸದ್ದು. ನೋಡುನೋಡುತ್ತ ನೀರು ಮಸುಕಾಯಿತು, ಆಮೇಲೆ ನೀರುಮಜ್ಜಿಗೆಯ ಬಣ್ಣಕ್ಕೆ ಬಂತು.

"ನೋಡು, ಇದು ನನ್ನ ಉಸಿರು."

"ಥೂ, ಎಂಜಲು" ಎಂದೆ.

"ಎಂಜಲಲ್ಲ ಕಣೇ. ನನ್ನ ಉಸಿರಲ್ಲಿರೋ ಇಂಗಾಲದ ಡೈಆಕ್ಸೈಡ್ ಸುಣ್ಣದ ಜೊತೆ ಸೇರಿ ಸೀಮೆಸುಣ್ಣದಂಥ ಪುಡಿ ಆಯ್ತು. ಕಣ್ಣಿಗೆ ಕಾಣದೇ ಇದ್ದಿದ್ದು ಕಾಣಿಸ್ತು. ನೀರು ಗಾಳಿನ ಹಿಡ್ಕೊಂತದೆ ಅಂತ ಮಕ್ಕಳಿಗೆ ತೋರಿಸೋಕೆ ಇದು."

ರಸ್ತೆಯಲ್ಲಿ ಜಲ್ಲಿ ಲಾರಿಯೊಂದು ದಟ್ಟ ಹೊಗೆ ಕಾರುತ್ತ ಹೋಯಿತು. ಅದರ ಕಡೆ ಕೈ ತೋರಿಸಿದರು.

"ನಮ್ಮ ಉಸಿರಿಂದ ತೊಂದ್ರೆ ಇಲ್ಲ. ರಾಗಿ ಪೈರು ಗಾಳಿಯಿಂದ ತಗೊಂಡಿದ್ದನ್ನ ನಾವು ಮುದ್ದೆ ತಿಂದು ವಾಪಸ್ ಗಾಳಿಗೆ ಬಿಡ್ತೀವಿ, ಅಷ್ಟೇ. ಆ ಹೊಗೆ ಹಂಗಲ್ಲ. ಯಾವ ಕಾಲದಿಂದಲೋ ನೆಲದೊಳಗಿದ್ದಿದ್ದನ್ನ ತೆಗೆದು ಸುಡ್ತಿದೀವಿ. ಅದನ್ನೆಲ್ಲ ನಾಲ್ಕು ಪಾಲು ಮಾಡು. ಹೆಚ್ಚುಕಮ್ಮಿ ಒಂದು ಪಾಲು ಸಮುದ್ರ ಕುಡೀತದೆ. ಅದು ಕುಡೀದೇ ಇದ್ದಿದ್ರೆ ಈ ಬಿಸಿಲು ಇನ್ನೂ ಎಷ್ಟಿರ್ತಿತ್ತೋ."

"ಊರೋರ ಹೊಗೆನೆಲ್ಲ ಕುಡಿದ್ರೆ ಅದಕ್ಕೆ ಹೊಟ್ಟೆ ನೋಯಲ್ವಾ?"

ಅವರಿಗೆ ಖುಷಿಯಾಯಿತು. ಕೊನೇ ಬೆಂಚಿನಿಂದ ಪ್ರಶ್ನೆ ಬಂದರೆ ಹಾಗೇ.

"ನೋಯ್ತದೆ. ನೀರು ಹುಳಿ ಕಡೆಗೆ ತಿರುಗ್ತದೆ. ಚಿಪ್ಪು ಕಟ್ಟೋ ಪ್ರಾಣಿಗಳಿಗೆ ಚಿಪ್ಪು ಕಟ್ಟೋದು ಕಷ್ಟ ಆಗ್ತದೆ. ಇನ್ನೊಂದು, ತಣ್ಣಗಿರೋ ನೀರು ಜಾಸ್ತಿ ಹಿಡ್ಕೊಂತದೆ, ಬೆಚ್ಚಗಾದ್ರೆ ಬಿಟ್ಬಿಡ್ತದೆ. ಬಿಸಿಲಲ್ಲಿಟ್ಟ ಸೋಡಾ ಬಾಟ್ಲು ತೆಗೆದ್ರೆ ಹೆಂಗೆ ಉಕ್ಕುತ್ತೆ, ಹಂಗೆ. ಧ್ರುವದ ಕಡೆ ಕೊರೆಯೋ ನೀರು ಭಾರ ಆಗಿ ಈ ಗಾಳಿನೂ ಹೊತ್ಕೊಂಡು ತಳಕ್ಕೆ ಇಳೀತದೆ. ಒಂದ್ಸಲ ಇಳೀತು ಅಂದ್ರೆ ನೂರಾರು ವರ್ಷ ಮೇಲೆ ಬರಲ್ಲ ಕಣೇ."

ಹೇಳುತ್ತ ಹೇಳುತ್ತ ದನಿ ಇಳಿಯಿತು. ಕಣ್ಣು ನನ್ನ ಮೇಲಿರಲಿಲ್ಲ. ನಮ್ಮ ಹಿತ್ತಲ ಆಚೆಗೆ ಇರುವುದು ಸಂಜೀವಪ್ಪನವರ ದ್ರಾಕ್ಷಿ ತೋಟ, ಅದರ ಆಚೆಗೆ ಬೋಳುಗುಡ್ಡ. ಅವರು ಅದೆಲ್ಲದರ ಆಚೆ ನೋಡುತ್ತಿದ್ದರು. ಪಾಪ ಅನ್ನಿಸಿತು.

"ಇಷ್ಟೇನಾ ಪಾಠ?" ಎಂದೆ.

"ಅರ್ಧ ಅಷ್ಟೇ. ಚಮತ್ಕಾರ ಇರೋದು ಆಮೇಲೆ. ಇನ್ನೂ ಊದ್ತಾನೇ ಹೋದ್ರೆ ಬೆಳ್ಳಗಾಗಿದ್ದು ಮತ್ತೆ ಕರಗಿ ತಿಳಿಯಾಗ್ತದೆ. ಸಮುದ್ರ ಇಟ್ಕೊಳೋದು ಹಂಗೇನೇ, ಕಣ್ಣಿಗೆ ಕಾಣದಂಗೆ. ನೋಡೋರಿಗೆ ಏನೂ ಇಲ್ಲ, ಒಳಗೆ ಎಲ್ಲಾ ಐತೆ."

"ಎಲ್ಲಿ, ಊದಿ ತೋರ್ಸಿ."

"ಉಳಿದಿದ್ದು ಮಕ್ಕಳ ಮುಂದೆ. ಬೇಕಾದ್ರೆ ನೀನೂ ಬಂದು ಕೊನೇ ಬೆಂಚಲ್ಲಿ ಕೂತ್ಕೋ" ಎಂದು ಬಾಟಲಿಗೆ ಬಿರಟೆ ಬಿಗಿದು ಅಡುಗೆಮನೆಯ ಗೂಡಿನಲ್ಲಿಟ್ಟರು.

ಆ ಪಾಠ ನಡೆಯಲಿಲ್ಲ. ಎರಡು ದಿನ ಕಳೆದು, ಸ್ಕೂಲಿನ ಯಾವುದೋ ಕೆಲಸಕ್ಕೆಂದು ದೊಡ್ಡಬಳ್ಳಾಪುರಕ್ಕೆ ಹೋದವರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಎದೆ ಹಿಡಿದುಕೊಂಡು ಕೂತರಂತೆ. ಏಳಲಿಲ್ಲ. ಸುತ್ತಮುತ್ತ ಒಂದು ಹನಿ ನೀರಿರಲಿಲ್ಲ. ಯಾರೋ ಪುಣ್ಯಾತ್ಮರು ಬಾಟಲಿ ನೀರು ತಂದು ಬಾಯಿಗೆ ಬಿಟ್ಟರೆ ಅದು ಒಳಗೆ ಇಳಿಯಲಿಲ್ಲವಂತೆ.

ಆಮೇಲಿನದ್ದೆಲ್ಲ ನಡೆಯುವಂತೆ ನಡೆಯಿತು. ನನ್ನ ಮೈದುನ ಅಶೋಕ ಕೊಳ್ಳಿಯಿಟ್ಟ, ಅವನೇ ಹೋಗಿ ಶ್ರೀರಂಗಪಟ್ಟಣದಲ್ಲಿ ಬೂದಿ ಬಿಟ್ಟು ಬಂದ. ಹೆಂಗಸರು ಬರಬೇಡಿ ಎಂದರು. ಬಟ್ಟೆಬರೆ ಹಂಚಿಹೋಯಿತು. ಪುಸ್ತಕ ಸ್ಕೂಲಿಗೆ ಹೋಯಿತು. ಫೋಟೋ ನಡುಮನೆಯ ಗೋಡೆಗೆ ಬಂತು. ಗೋಡೆಯ ಫೋಟೋ ಬಂದವರೆಲ್ಲರದು. ಅದರ ಮುಂದೆ ಅತ್ತೆ ಅಳುತ್ತಾರೆ, ನಾದಿನಿ ಅಳುತ್ತಾಳೆ, ಹಾಲು ಹಾಕಲು ಬಂದವಳೂ ಅಳುತ್ತಾಳೆ. ನನಗೆಂದು ಏನು ಉಳಿಯಿತು ಎಂದು ಯೋಚಿಸುತ್ತ ಒಂದು ದಿನ ಗೂಡು ಒರೆಸುವಾಗ ಆ ಬಾಟಲಿ ಕೈಗೆ ಸಿಕ್ಕಿತು.

ಮೇಲೆ ತಿಳಿನೀರು, ತಳದಲ್ಲಿ ಬೆರಳ ದಪ್ಪಕ್ಕಿಂತ ಕಡಿಮೆ ಬಿಳಿಯ ಗಸಿ. ದೇಹ ಸುಟ್ಟಿದ್ದರು, ಬೂದಿ ಹೊಳೆಗೆ ಬಿಟ್ಟಿದ್ದರು, ಉಸಿರು ಮಾತ್ರ ನನ್ನ ಅಡುಗೆಮನೆಯ ಗೂಡಿನಲ್ಲಿ ಬಿರಟೆ ಹಾಕಿಸಿಕೊಂಡು ಕೂತಿತ್ತು. ಅದು ಅವರ ಎದೆಯೊಳಗೆ ಹೋಗಿ ಬಂದದ್ದು. ಅದನ್ನು ಯಾರಿಗೂ ಹೇಳಲಿಲ್ಲ. ರಾಗಿಹಿಟ್ಟಿನ ಡಬ್ಬದ ಹಿಂದೆ ಇಟ್ಟೆ.

ಅಂಗಡಿಯಿಂದ ಬಂದು ಕೈಕಾಲು ತೊಳೆದ ಮೇಲೆ ಒಮ್ಮೊಮ್ಮೆ ತೆಗೆದು ಮೆಲ್ಲಗೆ ಅಲ್ಲಾಡಿಸುತ್ತಿದ್ದೆ. ತಳದ ಬಿಳಿಯೆಲ್ಲ ಎದ್ದು ನೀರು ಮತ್ತೆ ಆ ಭಾನುವಾರದಂತೆ ಆಗುತ್ತಿತ್ತು. ಅದು ತಳಕ್ಕೆ ಕೂರುವವರೆಗೂ ನೋಡುತ್ತ, ಇವತ್ತು ಕಾಯಿ ಎಷ್ಟು ಕೊಳೆತವು, ಯಾರು ಚಿಲ್ಲರೆಗೆ ಜಗಳ ತೆಗೆದರು ಎಂದು ಹೇಳುತ್ತಿದ್ದೆ. ಬಿರಟೆ ಮಾತ್ರ ತೆಗೆಯಲಿಲ್ಲ. ತೆಗೆದರೆ ಇದೂ ಹೋಗಿಬಿಟ್ಟರೆ ಎಂದು ಭಯ. ಅಷ್ಟು ಬೇಕಾಗಿದ್ದರು ನನಗೆ ಅವರು. ಇದ್ದಾಗ ಬೈದುಕೊಂಡೇ ಕಳೆದೆ, ಹೋದ ಮೇಲೆ ಬಾಟಲಿಯ ಜೊತೆ ಬಾಳಿದೆ.

ಅತ್ತೆಗೆ ಯಾಕೆ ಹೇಳಲಿಲ್ಲ ಎಂದರೆ, ಹೇಳಬಾರದು ಅನ್ನಿಸಿತು, ಅದಕ್ಕೆ. ಮಗನನ್ನು ಹುಟ್ಟಿದಂದಿನಿಂದ ಅವರೇ ಇಟ್ಟುಕೊಂಡಿದ್ದರು, ಇದೊಂದು ನನ್ನದಾಗಿರಲಿ. ಅದಲ್ಲದೆ ನನ್ನ ನಾಲಿಗೆಯ ತುದಿಯಲ್ಲಿ ಒಂದು ಮಾತು ಯಾವಾಗಲೂ ಇತ್ತು. ನೀರಿನಿಂದ ಕಾಪಾಡಿದಿರಲ್ಲ, ನೆಲ ಕಾಪಾಡಿತೇ? ಮಾತು ಶುರುವಾದರೆ ಅದು ಆಚೆ ಬರುತ್ತದೆ ಎಂದು ಸುಮ್ಮನಿದ್ದೆ. ಅತ್ತೆಯೂ ಸುಮ್ಮನಾಗಿದ್ದರು. ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಜಗಲಿಯಲ್ಲಿ ಕೂತು ಬೀದಿಯವರನ್ನೆಲ್ಲ ಮಾತಾಡಿಸುತ್ತಿದ್ದ ಹೆಂಗಸು, ಮಗ ಹೋದಂದಿನಿಂದ ಎಲೆ ಮುಟ್ಟಿರಲಿಲ್ಲ. ಸುಣ್ಣದ ಡಬ್ಬಿ ಒಣಗಿ ಬಿರುಕು ಬಿಟ್ಟು ಕಿಟಕಿಯಲ್ಲಿ ಬಿದ್ದಿತ್ತು.

ವರ್ಷದ ಕಾರ್ಯ ಮುಗಿಯಿತು. ಅದೇ ಹೊತ್ತಿಗೆ ನನ್ನ ಪಕ್ಕದ ಅಂಗಡಿಯ ಹೂವಿನ ಮುತ್ತಮ್ಮ ತಿರುಚೆಂದೂರಿಗೆ ಬಸ್ಸು ಮಾಡಿಸಿದಳು. ನಮ್ಮ ಬೀದಿಯ ಹೆಂಗಸರೆಲ್ಲ ಹೊರಟಿದ್ದರು. ಅಲ್ಲಿಯೂ ನಮ್ಮ ಸುಬ್ರಹ್ಮಣ್ಯನೇ, ದೇವಸ್ಥಾನ ಇರುವುದು ಸಮುದ್ರದ ದಡದಲ್ಲೇ ಎಂದಳು. ದೇವರ ಹೆಸರು ಮುಗಿಯುವ ಮೊದಲೇ ನನಗೊಂದು ಸೀಟು ಎಂದೆ. ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಎಂದು ಆಗಲೇ ತೀರ್ಮಾನವಾಗಿತ್ತು. ಬಿರಟೆ ತೆಗೆಯುವುದಾದರೆ ಅಲ್ಲೇ. ಅತ್ತೆಗೆ ಮಾತ್ರ ದೇವರಿಗೆ ಹೋಗುತ್ತೇನೆ ಎಂದಷ್ಟೇ ಹೇಳಿದೆ.

ಬಸ್ಸು ಬುಧವಾರ ಮಧ್ಯಾಹ್ನಕ್ಕೆ. ಮಂಗಳವಾರ ಜನ ಜಾಸ್ತಿ ಇತ್ತು, ಬಿಸಿಲಿಳಿಯುವ ಹೊತ್ತಿಗೆ ಮನೆಗೆ ಬಂದೆ. ಅತ್ತೆ ಜಗಲಿಯಲ್ಲಿ ಕೂತಿದ್ದರು. ದವಡೆ ಆಡುತ್ತಿತ್ತು. ಮುತ್ತಮ್ಮ ಬಂದು ಎಲೆ ಅಡಿಕೆ ಕೊಟ್ಟು, ಪ್ರಯಾಣದ ಸುದ್ದಿ ಹೇಳಿ ಹೋಗಿದ್ದಳಂತೆ. ವರ್ಷದ ಮೇಲೆ ಎಲೆ ಹಾಕಿದ್ದಾರೆ! ನಿಜ ಹೇಳುತ್ತೇನೆ, ಆ ಗಳಿಗೆ ನನಗೆ ಸಂತೋಷವೇ ಆಯಿತು.

"ಎಂಥಾ ಸುಣ್ಣನೇ ಪ್ರಮೋದಾ ನೀನು ಮಾರೋದು?" ಎಂದು ನಾಲಿಗೆ ಚಾಚಿದರು. "ನೋಡು, ಬಾಯೇ ಕೆಂಪಾಗ್ಲಿಲ್ಲ. ಘಾಟಿಲ್ಲ, ಖಾರ ಇಲ್ಲ. ಮಣ್ಣು ತಿಂದಂಗೈತೆ."

"ಅಂಗಡಿ ಸುಣ್ಣ ಮನೇಲೆಲ್ಲಿತ್ತು ಅತ್ತೆ?"

"ಗೂಡಲ್ಲಿ ಇಟ್ಟಿದ್ಯಲ್ಲ, ಹಿಟ್ಟಿನ ಡಬ್ಬದ ಹಿಂದೆ. ಒಳ್ಳೇ ಸುಣ್ಣ ನನ್ಗೇ ಅಂತ ಎತ್ತಿಟ್ಟಿದಾಳೆ ಅನ್ಕೊಂಡೆ. ನೀರು ಚೆಲ್ಲಿ ಡಬ್ಬಿಗೆ ಬಗ್ಗಿಸ್ಕೊಂಡೆ."

ಒಳಗೆ ಓಡಿದೆ. ಬಾಟಲಿ ತೊಳೆದು ಬಚ್ಚಲ ಕಟ್ಟೆಯ ಮೇಲೆ ಬೋರಲು ಹಾಕಿದ್ದರು. ಗಾಜು ಪಳಪಳ ಹೊಳೆಯುತ್ತಿತ್ತು. ಅಷ್ಟು ಚೊಕ್ಕಟ ನಮ್ಮ ಅತ್ತೆ.

ಏನೇನು ಕಿರುಚಿದೆನೋ ಎಲ್ಲ ನೆನಪಿಲ್ಲ. ಬಾಟಲಿ ಹಿಡಿದುಕೊಂಡು ಜಗಲಿಗೆ ಬಂದೆ. "ಅದು ಸುಣ್ಣ ಅಲ್ಲ! ಅದು ಅವ್ರು! ಅವ್ರ ಉಸಿರು!" ಎಂದೆ. ಅತ್ತೆ ನನಗೆ ಮೈಮೇಲೆ ಬಂದಿದೆ ಎಂದುಕೊಂಡರೋ ಏನೋ, ಗಾಬರಿಯಿಂದ ಎದ್ದು ನಿಂತರು. ನಾನು ಅಳುತ್ತ ಬೈಯುತ್ತ ಎಲ್ಲ ಹೇಳಿದೆ. ಭಾನುವಾರದ ಪಾಠ ಹೇಳಿದೆ, ಪರಂಗಿ ದಂಟು ಹೇಳಿದೆ, ಅರ್ಧಕ್ಕೆ ನಿಂತದ್ದು ಹೇಳಿದೆ, ನಾಳೆ ಸಮುದ್ರಕ್ಕೆ ಬಿಡಲು ಹೊರಟಿದ್ದೆ ಎಂದು ಹೇಳಿದೆ. ವರ್ಷದಿಂದ ತಡೆದಿದ್ದ ಮಾತೂ ಆಚೆ ಬಂತು.

"ನೀರಿಗೆ ಬಿಡ್ದಂಗೆ ಕಾಪಾಡಿದ್ರಲ್ಲ, ಏನ್ ಉಳಿಸ್ಕೊಂಡ್ರಿ? ಒಣಗಿದ ನೆಲದ ಮೇಲೆ ಹೋದ್ರು! ಒಂದ್ಸಲ, ಒಂದೇ ಒಂದ್ಸಲ ನೋಡ್ಕೊಂಡು ಬಾ ಅಂದಿದ್ರೆ ನಿಮ್ ಗಂಟೇನು ಹೋಗ್ತಿತ್ತು?"

ಅತ್ತೆಯ ದವಡೆ ನಿಂತಿತ್ತು. ಬಾಯಲ್ಲಿ ಎಲೆ ಹಾಗೇ ಇತ್ತು. ಪಕ್ಕದಲ್ಲೇ ಉಗುಳುವ ಡಬ್ಬ. ಅವರು ಅದರ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಉಗುಳಲಿಲ್ಲ. ಮೆಲ್ಲಗೆ, ಗಂಟಲು ನೋವಿದ್ದವರಂತೆ, ಒಂದು ಚೂರೂ ಬಿಡದೆ ನುಂಗಿಕೊಂಡರು. ನಂತರ ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ಅವತ್ತು ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಬೆಳಿಗ್ಗೆ ಎದ್ದಾಗ ತಿರುಚೆಂದೂರಿಗೆ ಹೋಗಬಾರದು ಎಂದುಕೊಂಡೆ. ಯಾರನ್ನು ಕರೆದುಕೊಂಡು ಹೋಗಲಿ? ಹಿತ್ತಲಿಗೆ ಹೋದರೆ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ತಲೆಗೆ ನೀರು ಹಾಕಿಕೊಂಡಿದ್ದರು. ಮುಂದೆ ಅದೇ ಬಾಟಲಿ, ಅದರ ತುಂಬ ಫಿಲ್ಟರ್ ನೀರು, ನೀರಿನಲ್ಲಿ ತೆಳ್ಳಗೆ ಬಿಳಿ ಬಣ್ಣ.

"ಡಬ್ಬೀಲಿ ಇಷ್ಟು ಉಳಿದಿತ್ತು" ಎಂದರು. "ಒಂದು ಎಲೆಗೆ ಎಷ್ಟು ಸವರ್ತೀನಿ, ಉಗುರಿನಷ್ಟು. ಹಳೇ ಸುಣ್ಣದ ಚಕ್ಕೆ ಮೊದ್ಲೇ ಎತ್ತಿ ಬಿಸಾಕಿದ್ದೆ, ಅದು ಸೇರಿಲ್ಲ. ಬೆರಳಲ್ಲಿ ಕೆರೆದು ಎಲ್ಲಾ ಇದಕ್ಕೇ ಹಾಕಿದೀನಿ. ಆದ್ರೂ ಕಮ್ಮಿ ಆಯ್ತಲ್ವೇನೇ?"

ಕಮ್ಮಿಯಾಗಿತ್ತು. ಮೊದಲಿದ್ದುದರಲ್ಲಿ ಅರ್ಧವೂ ಇರಲಿಲ್ಲ, ತೊಳೆಯುವಾಗ ಬಚ್ಚಲಿಗೂ ಹೋಗಿತ್ತು. ನಾನು ಇಲ್ಲ ಎಂದು ತಲೆಯಾಡಿಸಿದೆ.

"ಇನ್ನೂ ಊದೋದು ಬಾಕಿ ಇತ್ತು ಅಂದ್ಯಲ್ಲ. ಊದಿದ್ರೆ ಏನೋ ಆಗ್ತದೆ ಅಂತ."

"ತಿಳಿಯಾಗ್ತದೆ ಅಂದಿದ್ರು. ನಾನು ನೋಡಿಲ್ಲ."

"ಹಂಗಾದ್ರೆ ದಂಟು ಕೊಯ್ಕೊಂಬಾ."

ಪರಂಗಿ ಗಿಡದಿಂದ ದಂಟು ಕೊಯ್ದು ತಂದೆ. ಮೊದಲು ನಾನು ಊದಿದೆ. ಎದೆಯಲ್ಲಿ ಅಳು ತುಂಬಿಕೊಂಡವರಿಗೆ ಊದಲು ಬರುವುದಿಲ್ಲ. ಎರಡು ಸಲ ಊದುವಷ್ಟರಲ್ಲಿ ಬಿಕ್ಕಿದೆ, ನೀರು ಮೂಗಿಗೆ ಹತ್ತಿತು. ಅತ್ತೆ ದಂಟು ಕಿತ್ತುಕೊಂಡರು.

"ಕೊಡು ಇಲ್ಲಿ. ಗ್ಯಾಸ್ ಒಲೆ ತಿರುಗಿಸ್ದೋರಿಗೆ ಏನ್ ಊದೋಕೆ ಬರ್ತದೆ? ಹಸಿ ಸೌದೆ ಊದಿ ಊದಿ ಅವನನ್ನ ಸಾಕಿದೋಳು ನಾನು."

ಊದಿದರು. ಕೆನ್ನೆ ಉಬ್ಬಿಸದೆ, ಒಂದೇ ಸಮನೆ, ಒಲೆಗೆ ಊದುವ ಹಾಗೇ. ಅವರಿಗೆ ಸುಸ್ತಾದಾಗ ನಾನು, ನನಗೆ ಸುಸ್ತಾದಾಗ ಅವರು. ಬಿಸಿಲು ಕಟ್ಟೆಗೆ ಬಂತು. ಕಾಫಿಯಾಗಲಿಲ್ಲ, ತಿಂಡಿಯಾಗಲಿಲ್ಲ. ಬೇಲಿಯಾಚೆಯಿಂದ ಸಂಜೀವಪ್ಪ ಇಣುಕಿ ನೋಡಿ, ಅತ್ತೆ ಸೊಸೆ ಇಬ್ಬರಿಗೂ ಒಟ್ಟಿಗೇ ತಲೆ ಕೆಟ್ಟಿತು ಎಂದುಕೊಂಡಿರಬೇಕು, ತೋಟದ ಕಡೆ ಹೋದರು. ಬಿಳಿ ಬಣ್ಣ ತೆಳುವಾಯಿತು, ಇನ್ನೂ ತೆಳುವಾಯಿತು. ಎಷ್ಟೋ ಹೊತ್ತಿನ ಮೇಲೆ ಬಾಟಲಿಯ ಆಚೆ ಬದಿಗಿದ್ದ ಅತ್ತೆಯ ಬೆರಳು ನನಗೆ ಈಚೆಯಿಂದ ಕಂಡಿತು. ನೀರು ತಿಳಿಯಾಗಿತ್ತು.

ಅತ್ತೆ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು.

"ಎಲ್ಲೋದ್ನೇ ಪ್ರಮೋದಾ?"

"ಎಲ್ಲೂ ಹೋಗಿಲ್ಲ ಅತ್ತೆ. ಕಾಣಲ್ಲ ಅಷ್ಟೇ. ಒಳಗೇ ಇದಾರೆ."

"ನಿಂದೂ ನಂದೂ ಸೇರ್ಕೊಂಡ್ತು ಅನ್ನು."

"ಹ್ಞೂಂ."

"ಇನ್ನು ಯಾರ್ದು ಯಾವ್ದು ಅಂತ ಬೇರೆ ಮಾಡೋಕಾಗಲ್ಲ."

"ಆಗಲ್ಲ."

ಅತ್ತೆ ಬಿರಟೆ ಬಿಗಿದರು. "ಮುತ್ತಮ್ಮಂಗೆ ಫೋನ್ ಮಾಡಿ ನನ್ಗೂ ಒಂದು ಸೀಟು ಕೇಳು" ಎಂದರು.

"ಅಲ್ಲಿ ಸಮುದ್ರ ಇದೆ ಅತ್ತೆ."

"ಗೊತ್ತು. ನಿನ್ನೆ ಹೇಳಿದ್ಲು."

ಬಸ್ಸಿನಲ್ಲಿ ಅತ್ತೆ ಬಾಟಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಕೊಡಿ ಎಂದು ನಾನು ಕೇಳಲಿಲ್ಲ. ನಡುವೆ ಒಂದು ಸಲ ತೇಗಿದರು. ತಕ್ಷಣ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನ ಮುಖ ನೋಡಿದರು, ಏನೋ ಚೆಲ್ಲಿಬಿಟ್ಟವರಂತೆ.

"ನಿನ್ನೆ ನುಂಗಿದ್ದು ಆಚೆ ಬಂತೇನೇ?"

ಹೊಟ್ಟೆಯ ಹುಳಿಗೆ ಆ ಬಿಳಿ ಕರಗಿ ಗಾಳಿಯಾಗುತ್ತದೆ ಎನ್ನುವುದು ಮೇಷ್ಟ್ರ ಹೆಂಡತಿಗೆ ಅಷ್ಟಿಷ್ಟು ಗೊತ್ತು. ನಿನ್ನೆಯದು ನಿನ್ನೆಯೇ ಹೋಗಿರುತ್ತದೆ ಎಂದೂ ಗೊತ್ತು. "ಬಂದಿರ್ಬೋದು ಅತ್ತೆ. ಬಂದ್ರೂ ಗಾಳೀಲಿರ್ತದೆ. ಗಾಳೀಲಿದ್ದಿದ್ದು ಇವತ್ತಲ್ಲ ನಾಳೆ ಸಮುದ್ರಕ್ಕೇ ಬರ್ತದೆ. ನಾಲ್ಕರಲ್ಲಿ ಒಂದು ಪಾಲಾದ್ರೂ" ಎಂದೆ. ಅತ್ತೆ ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದರು.

ಬೆಳಗಿನ ಹೊತ್ತಿಗೆ ತಿರುಚೆಂದೂರು. ದರ್ಶನದ ಸಾಲಿಗೆ ಎಲ್ಲರೂ ಓಡಿದರು, ನಾವಿಬ್ಬರು ಓಡಲಿಲ್ಲ. ಗೋಪುರದ ಪಕ್ಕ ತಿರುಗಿದ್ದೇ ಸಮುದ್ರ ಎದುರಿಗೆ ನಿಂತುಬಿಟ್ಟಿತು. ಇಷ್ಟು ದೊಡ್ಡದೆಂದು ಅವರು ಯಾವತ್ತೂ ಹೇಳಿರಲಿಲ್ಲ. ಹೇಗೆ ಹೇಳುತ್ತಾರೆ, ಅವರಿಗೆ ಗೊತ್ತಿದ್ದರೆ ತಾನೆ? ನೀಲಿ ಎಂದು ಬೋರ್ಡಿನ ಮೇಲೆ ಬಣ್ಣ ಹಚ್ಚಿ ತೋರಿಸುತ್ತಿದ್ದರು. ದಡದ ಹತ್ತಿರ ಅದು ನೀಲಿಯಿರಲಿಲ್ಲ, ನಮ್ಮ ಕೆರೆಗೆ ಹೊಸ ನೀರು ಬಂದಾಗಿನ ಬಣ್ಣ. ಅದನ್ನು ಮನೆಗೆ ಹೋಗಿ ಅವರಿಗೆ ಹೇಳಬೇಕು ಅನ್ನಿಸಿತು. ನೋಡಿ, ನಿಮ್ಮ ಪಾಠ ತಪ್ಪು, ಬಣ್ಣ ಬೇರೆ, ಸದ್ದಂತೂ ನೀವು ಹೇಳೇ ಇಲ್ಲ ಎಂದು ಜಗಳ ಆಡಬೇಕು ಅನ್ನಿಸಿತು. ಜಗಳಕ್ಕೆ ಜನ ಇಲ್ಲ ಎನ್ನುವುದು ಅಷ್ಟು ಜೋರಾಗಿ ಅದಕ್ಕೆ ಮೊದಲು ನನಗೆ ತಟ್ಟಿರಲಿಲ್ಲ. ನಾನು ಮರಳ ಮೇಲೆ ಕೂತು ಅಳತೊಡಗಿದೆ. ಬಿಟ್ಟು ಹೋದದ್ದಕ್ಕಲ್ಲ, ಇಷ್ಟು ಚೆನ್ನಾಗಿರುವುದನ್ನು ತೋರಿಸದೆ ಹೋಗ್ಬಿಟ್ಟರಲ್ಲ, ನೋಡದೆ ಹೋಗ್ಬಿಟ್ಟರಲ್ಲ ಎಂದು.

ಅತ್ತೆ ಬಾಟಲಿಯನ್ನು ನನ್ನ ಕೈಗಿಟ್ಟರು. ನೀರಿನ ಅಂಚಿನವರೆಗೆ ಹೋದೆ. ಬಿರಟೆಯ ಮೇಲೆ ಕೈಯಿಟ್ಟೆ. ತಿರುಗಿಸಲು ಆಗಲಿಲ್ಲ. ವರ್ಷವಿಡೀ ಇದಕ್ಕಾಗಿಯೇ ಕಾದಿದ್ದೆ, ಈಗ ಕೈ ಒಪ್ಪುತ್ತಿಲ್ಲ. ಬಿಟ್ಟರೆ ಗೂಡು ಖಾಲಿ. ಸಂಜೆ ಯಾರಿಗೆ ಹೇಳಲಿ?

ಅತ್ತೆ ಹಿಂದಿನಿಂದ ಬಂದರು. ಮಗನಿಗೆ ಕೆರೆಯ ಮೆಟ್ಟಿಲನ್ನೂ ಇಳಿಯಲು ಬಿಡದಿದ್ದ ಹೆಂಗಸು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಬಾಟಲಿ ಇಸಿದುಕೊಂಡು ಸಮುದ್ರಕ್ಕೆ ಇಳಿದರು. ಅಲೆ ಬಂದು ಸೊಂಟದವರೆಗೆ ನೆನೆಸಿತು, ಹೆದರಲಿಲ್ಲ. ಬಿರಟೆ ತೆಗೆದರು. ಮಗುವಿಗೆ ತಲೆಗೆ ನೀರು ಹಾಕುವಾಗ ಕಣ್ಣಿಗೆ ಬೀಳದಂತೆ ಕೈ ಅಡ್ಡ ಹಿಡಿಯುತ್ತಾರಲ್ಲ, ಹಾಗೆ ಒಂದು ಕೈ ಅಡ್ಡ ಹಿಡಿದು ಮೆಲ್ಲಗೆ ಬಗ್ಗಿಸಿದರು. ನೀರಿಗೆ ನೀರು ಸೇರಿತು. ಏನೂ ಕಾಣಲಿಲ್ಲ.

ಕಾಣುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು.

ಅತ್ತೆ ಖಾಲಿ ಬಾಟಲಿ ಹಿಡಿದು ನಿಂತೇ ಇದ್ದರು. ನಾನು ಇಳಿದು ಪಕ್ಕದಲ್ಲಿ ನಿಂತೆ. ತಿರುಗಿ ಹೋಗೋಣ ಎಂದು ತೋಳು ಮುಟ್ಟಿದೆ. ಅವರು ಅಲುಗಲಿಲ್ಲ. ಅಲೆಗಳಾಚೆ, ದೂರದಲ್ಲಿ, ನೀರು ನಿಜಕ್ಕೂ ನೀಲಿಯಾಗುವ ಕಡೆ ನೋಡುತ್ತಿದ್ದರು.

"ಅವನಿಗೆ ಈಜು ಬರಲ್ಲ ಕಣೇ" ಎಂದರು.

ನಾನು ಅವರ ಕೈ ಹಿಡಿದುಕೊಂಡೆ. ಇಬ್ಬರೂ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋದೆವು.